ಬಳೆಗಾರ್ತಿಯ ಕೈ ಊದಿದ ವರ್ಷ

ಡಾಂಬರಿನ ವಾಸನೆ ಬಂದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಖುಷಿಯಾಗುತ್ತದೆ. ಹೋದ ತಿಂಗಳು ಕಡ್ಡಿರಾಂಪುರದ ಒಂದು ಮನೆಗೆ ಬಳೆ ಇಡಲು ಹೊರಟಿದ್ದೆ. ದಾರಿಯಲ್ಲಿ ರಸ್ತೆಗೆ ಹೊಸ ಡಾಂಬರು ಹಾಕುತ್ತಿದ್ದರು, ಆಟೊಗಳೆಲ್ಲ ಸಾಲುಗಟ್ಟಿ ನಿಂತಿದ್ದವು. ನನ್ನ ಪಕ್ಕ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಏನ್ ವಾಸನಿ ಯಕ್ಕಾ, ತಲಿ ತಿರುಗಾಕತ್ತೈತಿ" ಅಂದಳು. ನಾನು ಎದೆ ತುಂಬ ಉಸಿರು ಎಳೆದುಕೊಂಡು, "ನನಗ ಮಸ್ತ್ ಅನ್ಸತೈತಿ ನೋಡವ್ವಾ" ಅಂದೆ. ಅವಳು ನನ್ನನ್ನು ಒಂದು ಥರ ನೋಡಿ, ಇದ್ದ ಇಷ್ಟೇ ಜಾಗದಲ್ಲಿ ಆಚೆ ಸರಿದು ಕೂತಳು.

ಪಾಪ, ಅವಳಿಗೇನು ಗೊತ್ತು. ಮೂರು ವರ್ಷದ ಹಿಂದೆ ನನ್ನ ತಲೆಯೇ ಹೀಗೆ ನಾರುತ್ತಿತ್ತು. ಆ ವರ್ಷ, ಶ್ರಾವಣದಿಂದ ಶಿವರಾತ್ರಿಯ ಆಸುಪಾಸಿನವರೆಗೆ, ನಾನು ಅತ್ತದ್ದು ಎಷ್ಟೋ, ನಕ್ಕದ್ದು ಅದಕ್ಕಿಂತ ಹೆಚ್ಚು. ಈಗ ಕೂತು ನೆನೆದರೆ ನಗುವೇ ಮೊದಲು ಬರುತ್ತದೆ.

ನಾನು ಸರೋಜ. ಹೊಸಪೇಟೆ ಬಜಾರಿನಲ್ಲಿ ನಮ್ಮದೊಂದು ಬಳೆ ಅಂಗಡಿ. ಇಬ್ಬರು ಗಿರಾಕಿ ಕೂತರೆ ಮೂರನೆಯವಳು ಮೆಟ್ಟಿಲ ಮೇಲೆ ಕೂರಬೇಕು, ಅಷ್ಟೇ ಅಂಗಡಿ. ನನಗೆ ಕಸುಬು ಕಲಿಸಿದವಳು ಅತ್ತೆ ನೀಲಮ್ಮ. ಅವಳ ಕಣ್ಣು ಮಂಜಾಗಿ ಕೈ ನಡುಗಲು ಶುರುವಾದ ಮೇಲೆ ಅಂಗಡಿ ನನ್ನ ಪಾಲಿಗೆ ಬಂತು. ಬಳೆ ಮಾರುವುದು ಯಾರಿಗಾದರೂ ಬರುತ್ತದೆ, ಬಳೆ ಇಡುವುದು ಬೇರೆ. ಗಾಜಿನ ಬಳೆ ಕೈಗೆ ಬಿಗಿಯಾಗಿ ಕೂರಬೇಕು, ಆದರೆ ಏರುವಾಗ ಒಡೆಯಬಾರದು, ಕೈಗೆ ಗೀರಬಾರದು. ಎದುರಿನವಳ ಹೆಬ್ಬೆರಳನ್ನು ಒಳಕ್ಕೆ ಮಡಿಸಿ, ಅಂಗೈಯ ಮಾಂಸವನ್ನು ನಿಧಾನಕ್ಕೆ ಹಿಚುಕಿ, ಬಳೆಯನ್ನು ಸ್ವಲ್ಪ ತಿರುವಿ ದಾಟಿಸಬೇಕು. ಹೆದರಿದವಳ ಕೈ ಕಟ್ಟಿಗೆಯಾಗಿರುತ್ತದೆ. ಅದಕ್ಕೇ ಅತ್ತೆ ಒಂದು ಉಪಾಯ ಹೇಳಿಕೊಟ್ಟಿದ್ದಳು. ಬಳೆ ಗೆಣ್ಣಿನ ಹತ್ತಿರ ಬಂದು ನಿಂತ ಹೊತ್ತಿಗೆ ಸರಿಯಾಗಿ, "ಅಲ್ಲವ್ವಾ, ನಿನ್ನ ಮದುವ್ಯಾಗ ಏನ್ ಸಿಹಿ ಮಾಡಿಸಿದ್ರು?" ಅಂತ ಕೇಳಬೇಕು. ಎಂಥವಳೂ ಒಂದು ಗಳಿಗೆ ನೆನಪು ಮಾಡಿಕೊಳ್ಳುತ್ತಾಳೆ. ಆ ಗಳಿಗೆಯಲ್ಲಿ ಅವಳ ಕೈ ಬೆಣ್ಣೆಯಾಗುತ್ತದೆ, ಬಳೆ ದಾಟಿಬಿಡುತ್ತದೆ. ಮದುವೆಯಾಗದ ಹುಡುಗಿಯರಿಗೆ, "ನಿನ್ನ ಮದುವ್ಯಾಗ ಏನ್ ಮಾಡಿಸ್ತಿ?" ಅಂತ ಕೇಳಿದರೆ ಆಯಿತು, ನಾಚಿಕೆಗೆ ಕೈ ಇನ್ನೂ ಮೆತ್ತಗಾಗುತ್ತದೆ. ಹಾಗಾಗಿ ಹೊಸಪೇಟೆಯಲ್ಲಿ ಯಾರ ಮದುವೆಯಲ್ಲಿ ಜಿಲೇಬಿ, ಯಾರ ಮದುವೆಯಲ್ಲಿ ಬರೀ ಸಜ್ಜಕ ಅನ್ನುವುದು ನನ್ನಷ್ಟು ಯಾರಿಗೂ ಗೊತ್ತಿಲ್ಲ.

ಬಳೆಯ ಅಳತೆಯನ್ನು ಎರಡು-ನಾಲ್ಕು, ಎರಡು-ಆರು, ಎರಡು-ಎಂಟು ಅಂತ ಹೇಳುತ್ತೇವೆ. ಅಂಕಿ ಏರಿದ ಹಾಗೆ ಬಳೆ ದೊಡ್ಡದು. ನನ್ನದು ಎರಡು-ನಾಲ್ಕರ ಕೈ. ಎರಡು ಮಕ್ಕಳಾದರೂ ಎರಡು-ನಾಲ್ಕೇ. ಅದರ ಬಗ್ಗೆ ನನಗೆ ಸಣ್ಣ ಜಂಬ ಇತ್ತು ಅಂತ ಒಪ್ಪಿಕೊಂಡುಬಿಡುತ್ತೇನೆ.

ಆ ಶ್ರಾವಣದಲ್ಲಿ ಡ್ಯಾಮು ತುಂಬಿತ್ತು. ಗೇಟು ಬಿಟ್ಟಾರಂತ, ಗೇಟು ಬಿಟ್ಟಾರಂತ ಅನ್ನುತ್ತ ಊರೆಲ್ಲ ನೋಡಲು ಹೋಗುತ್ತಿತ್ತು. ನಾವೂ ಹೋಗಿ ಮುಖಕ್ಕೆ ನೀರಿನ ತುಂತುರು ಬಡಿಸಿಕೊಂಡು, ಬಿಸಿ ಮಿರ್ಚಿ ತಿಂದು ಬಂದೆವು. ಮರುದಿನ ಬೆಳಿಗ್ಗೆ ಎದ್ದರೆ ಬಲಗೈಯ ತೋರುಬೆರಳು ಊದಿಕೊಂಡಿತ್ತು. ಗೆಣ್ಣು ಒಂದೇ ಅಲ್ಲ, ಬುಡದಿಂದ ತುದಿಯವರೆಗೆ ಎಳೆ ಬದನೆಕಾಯಿಯ ಹಾಗೆ, ಕೆಂಪಗೆ, ಬಿಸಿಯಾಗಿ. ಉಗುರೂ ಬುಡದಲ್ಲಿ ಎದ್ದ ಹಾಗಿತ್ತು. ಅತ್ತೆ ಕಣ್ಣ ಹತ್ತಿರ ಹಿಡಿದು ನೋಡಿ, "ಉಗುರುಸುತ್ತು" ಅಂತ ತೀರ್ಪು ಕೊಟ್ಟಳು. ಉಗುರುಸುತ್ತಿಗೆ ಮದ್ದೇನು? ಲಿಂಬೆಹಣ್ಣು. ಒಂದು ಹಣ್ಣಿಗೆ ತೂತು ಕೊರೆದು ನನ್ನ ಬೆರಳಿಗೆ ಟೋಪಿಯ ಹಾಗೆ ಸಿಗಿಸಿದಳು.

ನಾಲ್ಕು ದಿನ ಲಿಂಬೆಹಣ್ಣು ಹಾಕಿಕೊಂಡೇ ಅಂಗಡಿಯಲ್ಲಿ ಕೂತೆ. ಐದನೆಯ ದಿನ ಉಂಗುರದ ಬೆರಳೂ ಊದಿತು, ಅದಕ್ಕೂ ಒಂದು ಹಣ್ಣು. ಎರಡು ಲಿಂಬೆಹಣ್ಣಿನ ಕೈ ನೋಡಿ ಗಿರಾಕಿಯೊಬ್ಬಳು, "ಸರೋಜಕ್ಕಾ, ಅಂಗಡಿಗೆ ದೃಷ್ಟಿ ಆಗಬಾರದಂತ ಕೈಗೇ ಕಟ್ಕೊಂಡೀಯೇನು? ನಡುವ ಎರಡು ಮೆಣಸಿನಕಾಯಿನೂ ಕಟ್ಕೋ" ಅಂದಳು. ಅಂಗಡಿ ತುಂಬ ನಗು. ನಾನೂ ನಕ್ಕೆ. ನೋವಿನಿಂದ ಕಣ್ಣಲ್ಲಿ ನೀರು ಬಂದರೂ ನಗುವಿನದು ಅಂತಲೇ ಅಂದುಕೊಂಡರು.

ಉಗುರುಸುತ್ತು ಎರಡು ವಾರ ಇರುವುದಿಲ್ಲ. ಇದು ಇತ್ತು. ಬೆರಳಿನಿಂದ ಮಣಿಕಟ್ಟಿಗೆ ಇಳಿಯಿತು, ಅಲ್ಲಿಂದ ಎಡಗಾಲಿನ ಹಿಮ್ಮಡಿಗೆ ಹೋಗಿ ಕೂತಿತು. ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟರೆ ಮುಳ್ಳು ತುಳಿದ ಹಾಗೆ. ಮುಷ್ಟಿ ಕಟ್ಟಲು ಒಂದು ತಾಸು ಬೇಕು. ನಲ್ಲಿ ತಿರುವಲು ಆಗದು, ಮಗಳಿಗೆ ಜಡೆ ಹೆಣೆಯಲು ಆಗದು. ವಿಚಿತ್ರ ಅಂದರೆ ಹನ್ನೊಂದರ ಹೊತ್ತಿಗೆ ಕೈ ಆಡಿಸುತ್ತ ಆಡಿಸುತ್ತ ನೋವು ಸಡಿಲವಾಗುತ್ತಿತ್ತು. ಸುಮ್ಮನೆ ಕೂತರೆ ಮತ್ತೆ ಬಿಗಿ.

ಬಜಾರಿನಲ್ಲಿ ಎಲ್ಲರೂ ಡಾಕ್ಟರೇ. ಒಬ್ಬರು ಚಿಕೂನ್‌ಗುನ್ಯಾ ಅಂದರು, ಒಬ್ಬರು ಬೋರಿನ ನೀರು ಅಂದರು, ಮೇಲಿನ ಅಂಗಡಿಯ ಅಜ್ಜ ಬದನೆಕಾಯಿ ಬಿಡು ಅಂದ. ಎಲ್ಲರೂ ಸೇರಿ ಒಪ್ಪಿದ್ದು ಒಂದೇ ಮಾತು: ಕೈಗೆ ವಿಶ್ರಾಂತಿ ಕೊಡು. ಸರಿ ಅಂತ ದಸರೆಯ ಮುಂಚೆ ಹದಿನೈದು ದಿನ ಮನೆಯಲ್ಲಿ ಕೂತೆ. ಆಟೊ ಓಡಿಸುವ ನನ್ನ ಗಂಡ ಈರಣ್ಣ ಆಟೊ ನಿಲ್ಲಿಸಿ ಅಂಗಡಿಯಲ್ಲಿ ಕೂತ. ಮೊದಲ ದಿನವೇ ಹೈಸ್ಕೂಲ್ ಟೀಚರೊಬ್ಬರ ಕೈಯಲ್ಲಿ ಆರು ಬಳೆ ಒಡೆದ. ಮದುವೆಯ ಸಿಹಿಯ ಪ್ರಶ್ನೆ ಇವನೂ ಕೇಳಿದ್ದನಂತೆ, ಆದರೆ ಬಳೆ ಒಡೆದ ಮೇಲೆ! ವಿಶ್ರಾಂತಿಯಿಂದ ನನ್ನ ಕೈ ಇನ್ನೂ ಮರಗಟ್ಟಿತು. ಅವನ ಕೈಯಿಂದ ಅಂಗಡಿಯಲ್ಲಿ ಗಾಜು ಕಡಿಮೆಯಾಯಿತು. ಹದಿನಾರನೆಯ ದಿನ ನಾನೇ ಹೋಗಿ ಕೂತೆ.

ಊರಿನ ಎಲುಬಿನ ಡಾಕ್ಟರ ಹತ್ತಿರವೂ ಹೋದೆ. ಫೋಟೊ ತೆಗೆಸಿದರು, ರಕ್ತ ನೋಡಿದರು, ಅದರಲ್ಲಿ ಏನೂ ಸಿಗಲಿಲ್ಲ. ಆ ಪುಣ್ಯಾತ್ಮರು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು: "ಚರ್ಮದ ಮೇಲೆ ಏನಾದರೂ ಇದೆಯಾ ಅಮ್ಮಾ? ಮಚ್ಚೆ, ಹೊಟ್ಟು?"

"ಏನೂ ಇಲ್ರಿ ಸರ್" ಅಂದೆ.

ಇತ್ತು. ಎರಡು ವರ್ಷದಿಂದ ಇತ್ತು. ಎರಡೂ ಮೊಣಕೈ ಮೇಲೆ ಕೆಂಪು ಮಚ್ಚೆ, ಅದರ ಮೇಲೆ ಬೆಳ್ಳಿಯಂಥ ಹೊಟ್ಟು. ತಲೆಯಲ್ಲೂ ಕಿವಿಯ ಹಿಂದಿನಿಂದ ಮೇಲಕ್ಕೆ ಅದೇ. ಸೋರಿಯಾಸಿಸ್ ಅಂತ ಅದರ ಹೆಸರು. ಅಂಗಡಿಗೆ ಮಾಲು ತರುತ್ತೇನೆ ಅಂತ ಸುಳ್ಳು ಹೇಳಿ ಬಳ್ಳಾರಿಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿಕೊಂಡು ಬರುತ್ತಿದ್ದೆ. ಅವರು ಕೊಟ್ಟ ಡಾಂಬರಿನ ಶಾಂಪೂ ಹಾಕಿ ಶನಿವಾರ ಶನಿವಾರ ತಲೆ ತೊಳೆದು, ಹೊಸ ಬೇರಿನ ಎಣ್ಣೆ ಅಂತ ಮನೆಯಲ್ಲಿ ಹೇಳುತ್ತಿದ್ದೆ. ಈರಣ್ಣನೊಬ್ಬನಿಗೆ ಗೊತ್ತಿತ್ತು. ಬೇಸಿಗೆಯಲ್ಲೂ ಉದ್ದ ತೋಳಿನ ಕುಪ್ಪಸ. ಹೊಸಪೇಟೆ ಬಿಸಿಲಿನಲ್ಲಿ ಉದ್ದ ತೋಳು! ಫ್ಯಾಷನ್ನು ಅಂದುಕೊಂಡರು, ಇಬ್ಬರು ಗಿರಾಕಿಗಳು ಹಾಗೆಯೇ ಹೊಲಿಸಿಕೊಂಡರು ಕೂಡ.

ಯಾಕೆ ಮುಚ್ಚಿಟ್ಟೆ ಅಂದರೆ, ನನ್ನ ಕಸುಬು ಬೇರೆಯವರ ಕೈ ಹಿಡಿಯುವುದು. ಮದುಮಗಳ ಕೈ, ಬಸುರಿಯ ಕೈ, ಹೆಸರಿಡುವ ಕೂಸಿನ ಕೈ. ಇವಳ ಚರ್ಮ ಉದುರುತ್ತದೆ ಅಂತ ಒಬ್ಬಳು ಆಡಿದರೆ ಸಾಕು, ಮರುದಿನ ಯಾರು ನನ್ನ ಮುಂದೆ ಕೈ ಚಾಚುತ್ತಾರೆ? ಎಲುಬಿನ ಡಾಕ್ಟರ ಹೊರಗಿನ ಬೆಂಚಿನಲ್ಲಿ ನನ್ನ ಮೂವರು ಗಿರಾಕಿಗಳಿದ್ದರು, ಬಾಗಿಲು ತೆರೆದೇ ಇತ್ತು. ಹೇಗೆ ಹೇಳಲಿ? ಇನ್ನು ಚರ್ಮದ ಡಾಕ್ಟರಿಗೆ ಬೆರಳಿನ ಸುದ್ದಿ ಹೇಳಲಿಲ್ಲ, ಅವರದ್ದಲ್ಲದ ರೋಗ ಹೇಳಿ ಯಾಕೆ ಬೈಸಿಕೊಳ್ಳಲಿ ಅಂತ. ಎರಡು ಊರಿಗೆ ಎರಡು ರೋಗ ಹಂಚಿಟ್ಟು, ನಾನು ಭಾಳ ಶಾಣೇಕಿ ಅಂದುಕೊಂಡಿದ್ದೆ.

ದೀಪಾವಳಿಯ ಪಾಡ್ಯದ ದಿನ ಕಂಪ್ಲಿಯಿಂದ ರೇಖಾಳ ಫೋನ್ ಬಂತು. ರೇಖಾ ಅಲ್ಲಿಯ ಗಿರಿಜಮ್ಮನವರ ಮಗಳು. ಗಿರಿಜಮ್ಮನ ಮದುವೆಗೆ ಬಳೆ ಇಟ್ಟವಳು ನಮ್ಮ ಅತ್ತೆ. ರೇಖಾಳ ಮದುವೆಗೆ ಇಟ್ಟವಳು ನಾನು. "ಸರೋಜಕ್ಕಾ, ನನಗ ಮೂರು ತಿಂಗಳು. ಏಳನೇದಕ್ಕ ತೌರುಮನ್ಯಾಗ ಕುಬಸ. ಹಸರು ಬಳಿ ನೀನೇ ಇಡಬೇಕು, ಬ್ಯಾರೆ ಯಾರನ್ನೂ ಕರೆಯಂಗಿಲ್ಲ ಅಂತ ಅವ್ವಗ ಹೇಳೀನಿ" ಅಂದಳು. ಬಸುರಿಗೆ ಹಸಿರು ಬಳೆ ಇಟ್ಟು ಉಡಿ ತುಂಬುವ ಕುಬಸದಲ್ಲಿ ಒಂದು ಬಳೆಯೂ ಒಡೆಯಬಾರದು. ಒಡೆದರೆ ಯಾರೂ ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ಎಲ್ಲರ ಮುಖ ಅನ್ನುತ್ತದೆ. "ಬರ್ತೀನಿ ತಂಗಿ, ಬರದ ಇರ್ತೀನೇನು?" ಅಂದೆ. ಫೋನ್ ಇಟ್ಟು ನನ್ನ ಕೈ ನೋಡಿಕೊಂಡೆ. ಬಲಗೈಯಲ್ಲಿದ್ದ ಗಾಜಿನ ಬಳೆಗಳನ್ನು ಊತಕ್ಕೆ ಹೆದರಿ ತೆಗೆಸಿಯಾಗಿತ್ತು. ಬರಿಗೈ ಕಾಣಬಾರದಂತ ಎರಡು-ಹತ್ತರ ಒಂದು ಅಗಲ ಕಡಗ ಹಾಕಿಕೊಂಡಿದ್ದೆ. ರೇಖಾಳ ಕುಬಸದ ಹೊತ್ತಿಗೆ ಈ ಕೈ ನನ್ನದಾಗಿ ಉಳಿದಿರುತ್ತದಾ ಅಂತ ಅವತ್ತು ನಿಜವಾಗಿ ಹೆದರಿಕೆಯಾಯಿತು.

ಕಾರ್ತಿಕದ ಒಂದು ಮಧ್ಯಾಹ್ನ ಪಾಪಿನಾಯಕನಹಳ್ಳಿಯ ಹನುಮವ್ವ ಅಂಗಡಿಗೆ ಬಂದಳು. ಅರವತ್ತು ದಾಟಿದ ಕೂಲಿಯ ಹೆಣ್ಣುಮಗಳು, ಬಾಯಿ ತುಂಬ ಎಲೆಅಡಿಕೆ. ಅದಕ್ಕೂ ಮುಂಚೆ ನಾನು ಅವಳನ್ನು ನೋಡಿರಲಿಲ್ಲ. ಕೂತವಳೇ ಎರಡೂ ಕೈ ನನ್ನ ಮುಂದೆ ಚಾಚಿ, "ಮೂರು ಅಂಗಡಿಯೋರು ಆಗಂಗಿಲ್ಲ ಅಂತ ಕಳಿಸ್ಯಾರ. ನೀನು ಇಡ್ತಿಯೋ, ನೀನೂ ಕಳಿಸ್ತಿಯೋ?" ಅಂದಳು.

ನೋಡಿದೆ. ಬೆರಳುಗಳು ಒಂದೊಂದು ಒಂದೊಂದು ದಿಕ್ಕಿಗೆ ತಿರುಗಿದ್ದವು, ಎರಡು ಬೆರಳು ಮಡಿಸಿದ ಹಾಗೆಯೇ ನಿಂತುಬಿಟ್ಟಿದ್ದವು. ಉಗುರುಗಳ ಮೇಲೆ ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಣಿ. ಕೈ ಹಿಡಿಯಲು ಮುಂದಕ್ಕೆ ಬಾಗಿದಾಗ ಅವಳ ಮೊಣಕೈ ಕಾಣಿಸಿತು. ಅರ್ಧ ತೋಳಿನ ಕುಪ್ಪಸ, ಮುಚ್ಚಿಕೊಳ್ಳುವ ಯಾವ ಗೋಜೂ ಇಲ್ಲ. ಕೆಂಪು ಮಚ್ಚೆ, ಅದರ ಮೇಲೆ ಬೆಳ್ಳಿಯಂಥ ಹೊಟ್ಟು. ಕನ್ನಡಿಯಲ್ಲಿ ಎರಡು ವರ್ಷದಿಂದ ನೋಡುತ್ತಿದ್ದ ನನ್ನದೇ ಮೊಣಕೈ! ನನ್ನ ಉಗುರು ನೋಡಿಕೊಂಡೆ. ಅದೇ ಗುಣಿ. ಸಾವಿರಾರು ಕೈ ನೋಡಿದ ನಾನು ನನ್ನ ಕೈಯನ್ನು ಸರಿಯಾಗಿ ನೋಡಿರಲಿಲ್ಲ.

"ಅವ್ವಾ, ಇದು ಮೊಣಕೈ ಮ್ಯಾಲೆ..." ಅಂತ ಶುರು ಮಾಡಿದೆ.

"ಅದಾ? ಅದು ಅಕ್ಕ. ಇದು ತಂಗಿ" ಅಂತ ಮೊದಲು ಮೊಣಕೈ, ಆಮೇಲೆ ಬೆರಳು ತೋರಿಸಿದಳು ಹನುಮವ್ವ. "ಇಬ್ಬರೂ ಒಬ್ಬಾಕಿ ಹೊಟ್ಟ್ಯಾಗ ಹುಟ್ಟಿದೋರಂತ. ದೊಡ್ಡ ದವಾಖಾನಿ ಡಾಕ್ಟರ್ ಹೇಳ್ಯಾರ. ನಾ ಹತ್ತು ವರ್ಷ ಅಕ್ಕನ್ನ ಮುಚ್ಚಿಟ್ಟು ತಂಗಿಗೆ ಎಣ್ಣಿ ತಿಕ್ಕಿದೆ. ಹೇಳೂದ್ರಾಗ ಬೆರಳು ಕೂತುಬಿಟ್ಟಿದ್ವು. ಈಗ ಗುಳಿಗಿ ತಗೊಂತೀನಿ, ನೋವಿಲ್ಲ. ಆದ್ರ ಸೊಟ್ಟಾದದ್ದು ಸೊಟ್ಟ."

ನಾನು ಕುಪ್ಪಸದ ತೋಳನ್ನು ಇನ್ನೂ ಕೆಳಕ್ಕೆ ಎಳೆದುಕೊಂಡೆ. ಅವಳು ನನ್ನ ಊದಿದ ಬೆರಳುಗಳನ್ನು ನೋಡಿದಳು, ಆಮೇಲೆ ಉದ್ದ ತೋಳು ನೋಡಿದಳು. ಹಳ್ಳಿಯ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ದನಿ ಇಳಿಸಿ, "ನಿನ್ನವು ಇನ್ನೂ ಮೆತ್ತಗದಾವ. ನಾಳೆನೇ ಹೋಗು. ನನ್ನಂಗ ಮಾಡಬ್ಯಾಡ ಮಗಳೇ" ಅಂದಳು.

ಅವತ್ತು ನನ್ನ ನೋಯುವ ಕೈಯಿಂದ ಅವಳ ಸೊಟ್ಟ ಕೈಗೆ ಬಳೆ ಇಟ್ಟೆ. ತೆಳ್ಳನೆಯ ಪ್ಲಾಸ್ಟಿಕ್ ಚೀಲವನ್ನು ಅವಳ ಕೈಗೆ ತೊಡಿಸಿ, ಅದರ ಮೇಲಿಂದ ಒಂದೊಂದೇ ಜಾರಿಸಿದೆ. ಡಜನ್ ಇಡಲು ಮುಕ್ಕಾಲು ತಾಸು ಹಿಡಿಯಿತು. "ನಿನ್ನ ಮದುವ್ಯಾಗ ಏನ್ ಸಿಹಿ ಮಾಡಿಸಿದ್ರವ್ವಾ?" ಅಂತ ಕೇಳಿದರೆ, "ಸಿಹಿ? ನನ್ನ ಗಂಡ ಓಡಿಹೋಗಿದ್ದ, ಅವನ್ನ ಹುಡುಕಿ ತರೂದ್ರಾಗ ಅಡಗಿ ಹಳಸಿತ್ತು!" ಅಂತ ಕೇಕೆ ಹಾಕಿ ನಕ್ಕಳು. ನಗುವಿಗೆ ಕೈ ಅಲುಗಿದರೂ ಒಂದು ಬಳೆಯೂ ಒಡೆಯಲಿಲ್ಲ.

ಆ ಸಂಜೆ ಮನೆಯಲ್ಲಿ ಅತ್ತೆಯ ಮುಂದೆ ಕೂತು ತೋಳು ಮೇಲಕ್ಕೆ ಸರಿಸಿದೆ. ಎಲ್ಲ ಹೇಳಿದೆ. ಅವಳು ಬೈಯುತ್ತಾಳೆ, ಅಳುತ್ತಾಳೆ, ಕಸುಬು ಹಾಳಾಯಿತು ಅನ್ನುತ್ತಾಳೆ ಅಂತ ಎಲ್ಲದಕ್ಕೂ ತಯಾರಾಗಿದ್ದೆ. ಅತ್ತೆ ಕಡ್ಲೆಪುಟಾಣಿ ಬಾಯಿಗೆ ಹಾಕಿಕೊಳ್ಳುತ್ತ, "ಎರಡು ವರ್ಷದಿಂದ ನಿನ್ನ ದಿಂಬಿನ ಚೀಲ ಯಾರು ಒಗೀತಾರಂತ ಮಾಡಿದ್ದಿ?" ಅಂದಳು.

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. "ಗೊತ್ತಿದ್ರ ಯಾಕ ಕೇಳ್ಲಿಲ್ಲ ಅತ್ತಿ?"

"ನೀನು ಮುಚ್ಚಿದ್ದು ನಾ ಯಾಕ ತೆಗೀಲಿ? ಹೇಳ್ತಿ ಹೇಳ್ತಿ ಅಂತ ಕಾದೆ. ಬೇರಿನ ಎಣ್ಣಿ ಅಂತ! ಶನಿವಾರ ಬಂದ್ರ ಪಡಸಾಲ್ಯಾಗ ರೋಡ್ ಹಾಕಿದಂಗ ನಾರ್ತಿತ್ತು."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಈರಣ್ಣನೂ ಸೇರಿ ಮೂವರೂ ಬಿದ್ದು ಬಿದ್ದು ನಕ್ಕೆವು. ಎರಡು ವರ್ಷ ಹೊತ್ತ ಭಾರ ಒಂದು ಮಾತಿಗೆ ಇಳಿಯಿತು.

ಬಳ್ಳಾರಿಗೆ ಅತ್ತೆಯೂ ಬಂದಳು. ಚರ್ಮದ ಡಾಕ್ಟರಿಗೆ ಬೆರಳು ತೋರಿಸಿದೆ. "ಇಷ್ಟು ದಿನ ಯಾಕಮ್ಮಾ ಹೇಳಲಿಲ್ಲ?" ಅಂತ ತಲೆ ಹಿಡಿದುಕೊಂಡರು. "ನೀವು ಚರ್ಮದ ಡಾಕ್ಟ್ರು, ಬೆರಳು ತೋರ್ಸಿದ್ರ ಬೈತೀರಂತ ಸರ್" ಅಂದೆ. ಅವರು ನಕ್ಕು ಕೀಲುವಾತದ ಡಾಕ್ಟರ ಹತ್ತಿರ ಕಳಿಸಿದರು. ಆ ಡಾಕ್ಟರು ಒಂದೊಂದು ಬೆರಳನ್ನೂ ಒತ್ತಿ, ಹಿಮ್ಮಡಿ ಒತ್ತಿ, ಉಗುರನ್ನು ಬೆಳಕಿಗೆ ಹಿಡಿದು ನೋಡಿದರು. ಸೋರಿಯಾಟಿಕ್ ಆರ್ಥ್ರೈಟಿಸ್ ಅಂದರು. ಮೈಯನ್ನು ಕಾಯಬೇಕಾದ ಶಕ್ತಿಯೇ ತಪ್ಪು ತಿಳಿದು ಚರ್ಮದ ಮೇಲೆ, ಕೀಲಿನ ಮೇಲೆ ಬೀಳುತ್ತದೆ, ಅದಕ್ಕೇ ಊತ, ಬಿಸಿ, ಬೆಳಗಿನ ಬಿಗಿತ ಅಂತ ಬಿಡಿಸಿ ಹೇಳಿದರು. ಅತ್ತೆಗೆ ಥಟ್ಟನೆ ತಿಳಿಯಿತು: "ಮನಿ ಕಾಯೋ ನಾಯಿ ಮನಿಯೋರ್ನೇ ಕಡದಂಗ." ಡಾಕ್ಟರು, "ನನಗಿಂತ ಚೆನ್ನಾಗಿ ಹೇಳಿದಿರಿ" ಅಂದರು. ಆ ಹೊಗಳಿಕೆಯನ್ನು ಅತ್ತೆ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ.

ನನಗೆ ಬೇಕಿದ್ದ ಪ್ರಶ್ನೆ ಒಂದೇ. "ಕೈಯಿಂದ ಕೈಗೆ ಹತ್ತತೈತೇನ್ರಿ?"

"ಹತ್ತುವುದಿಲ್ಲ."

"ದಿನಕ್ಕ ಐವತ್ತು ಕೈ ಹಿಡೀತೀನ್ರಿ ಸರ್. ಬಸುರ್ಯಾರು, ಕೂಸು..."

"ಐನೂರು ಕೈ ಹಿಡಿದರೂ ಹತ್ತುವುದಿಲ್ಲಮ್ಮಾ. ಬಳೆ ಇಡುವುದನ್ನು ಬಿಡಬೇಡ. ಊತ ಜಾಸ್ತಿ ಇದ್ದ ದಿನ ಸ್ವಲ್ಪ ತಡಿ, ಉಳಿದ ದಿನ ಕೈ ಆಡುತ್ತಲೇ ಇರಲಿ."

ವಾರಕ್ಕೆ ಒಂದೇ ದಿನ ನುಂಗುವ ಗುಳಿಗೆ ಬರೆದುಕೊಟ್ಟರು, ದಿನಾ ತಗೊಂಡರೆ ಅಪಾಯ ಅಂತ ಮೂರು ಸಲ ಎಚ್ಚರಿಸಿದರು, ಆಗಾಗ ರಕ್ತ ತೋರಿಸಬೇಕು ಅಂದರು. ಅತ್ತೆ ಮಂಗಳವಾರ ಅಂತ ಗೊತ್ತು ಮಾಡಿ, ಗುಳಿಗೆಯನ್ನು ತನ್ನ ಎಲೆಅಡಿಕೆ ಚೀಲದಲ್ಲೇ ಇಟ್ಟುಕೊಂಡಳು. ಗುಣ ಕಾಣಲು ಎರಡು ಮೂರು ತಿಂಗಳು ಬೇಕು ಅಂತ ಡಾಕ್ಟರು ಹೇಳಿದ್ದರೂ ನಾನು ಮೊದಲ ಬುಧವಾರವೇ ಮುಷ್ಟಿ ಕಟ್ಟಿ ನೋಡಿದೆ. ಏನೂ ಇಲ್ಲ.

ಆ ಚಳಿಗಾಲ ಪೂರ್ತಿ ಬೆಳಿಗ್ಗೆ ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿ ಕೂರುವುದು, ಒಂದೊಂದೇ ಬೆರಳು ಮಡಿಸುವುದು, ಬಿಚ್ಚುವುದು. ಎದುರಿಗೆ ಅತ್ತೆ ತನ್ನ ನಡುಗುವ ಕೈ ಹಿಡಿದು, "ನನಗ ಇಡು ನೋಡೂಣು" ಅಂತ ಕೂರುತ್ತಿದ್ದಳು. ದಿನಾ ಅದೇ ಡಜನ್ ಬಳೆ, ಇಡುವುದು, ತೆಗೆಯುವುದು. ನಲವತ್ತು ವರ್ಷ ಊರಿಗೆಲ್ಲ ಬಳೆ ಇಟ್ಟವಳ ಕೈ ನನ್ನ ತಾಲೀಮಿನ ಕೈಯಾಯಿತು. ಸಂಕ್ರಾಂತಿಯ ದಿನ ಮಗಳ ಜಡೆಯನ್ನು ನಾನೇ ಹೆಣೆದೆ. ಸೊಟ್ಟಗಿತ್ತು. ಮಗಳು ಕನ್ನಡಿ ನೋಡಿ, "ಅವ್ವಾ, ಅಪ್ಪನೇ ಚಂದ ಹೆಣೀತಿದ್ದ" ಅಂದಳು. ಆದರೂ ಅವತ್ತು ನನ್ನಷ್ಟು ಖುಷಿಯಾಗಿದ್ದವರು ಹೊಸಪೇಟೆಯಲ್ಲಿ ಯಾರೂ ಇರಲಿಲ್ಲ.

ಕುಬಸದ ಹಿಂದಿನ ದಿನ ನೋಡಿದರೆ ನನ್ನ ಉದ್ದ ತೋಳಿನ ಕುಪ್ಪಸಗಳು ಒಂದೂ ಇಲ್ಲ. "ತೋಳು ಕತ್ತರಿಸಾಕ ಟೇಲರಿಗೆ ಕೊಟ್ಟೀನಿ. ಬ್ಯಾಸಿಗಿ ಬಂತು" ಅಂದಳು ಅತ್ತೆ. ಜಗಳವಾಡಿದೆ. ನನ್ನ ಮರ್ಯಾದೆ, ನನ್ನ ಕಸುಬು, ನಿನಗೇನು ಅಂತೆಲ್ಲ ಅಂದೆ. ಅವಳು ಒಂದೇ ಮಾತು ಅಂದಳು: "ಹತ್ತಂಗಿಲ್ಲ ಅಂತ ಡಾಕ್ಟರ್ ಹೇಳಿದ್ದು ನೀನು ನಂಬಿದ್ರ, ಮಂದಿನೂ ನಂಬ್ತಾರ." ಕೊನೆಗೆ ಅರ್ಧ ತೋಳಿನ ಕುಪ್ಪಸ ತೊಟ್ಟು, ಸೆರಗನ್ನು ಎರಡೂ ಮೊಣಕೈ ಮುಚ್ಚುವ ಹಾಗೆ ಹೊದ್ದು, ಹಸಿರು ಬಳೆಯ ಗಂಟು ಹಿಡಿದು ಕಂಪ್ಲಿ ಬಸ್ಸು ಹತ್ತಿದೆ. ಎರಡೂ ಬದಿಗೆ ಕಾಲುವೆ ನೀರಿನ ಭತ್ತದ ಗದ್ದೆ. ಗದ್ದೆಯೂ ಹಸಿರು, ನನ್ನ ಮಡಿಲಿನ ಬಳೆಯೂ ಹಸಿರು.

ಗಿರಿಜಮ್ಮನ ಪಡಸಾಲೆ ತುಂಬ ಹೆಂಗಸರು. ರೇಖಾ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದಳು. ಗಿರಿಜಮ್ಮ ಬಳೆಗೆ ಅರಿಷಿಣ ಕುಂಕುಮ ಹಚ್ಚಿ, "ಶುರು ಮಾಡು ಸರೋಜಾ" ಅಂದರು. ಸೆರಗು ಹೊದ್ದುಕೊಂಡು ಬಳೆ ಇಡಲು ಬರುವುದಿಲ್ಲ, ತೋಳು ಸರಾಗವಾಗಿ ಆಡಬೇಕು. ರೇಖಾಳ ಕೈ ಹಿಡಿಯಲು ಹೋದವಳು ನನ್ನ ಕೈ ಹಿಂದಕ್ಕೆ ತೆಗೆದೆ. ಸೆರಗು ಸೊಂಟಕ್ಕೆ ಸಿಗಿಸಿ, ಎರಡೂ ಮೊಣಕೈ ಬೆಳಕಿಗೆ ಹಿಡಿದೆ.

"ಅಮ್ಮಾ, ಬಳಿ ಇಡೂಕ್ಕಿಂತ ಮುಂಚೆ ಒಂದು ಮಾತು. ನನಗ ಸೋರಿಯಾಸಿಸ್ ಐತ್ರಿ. ಕೈ ಊದಿದ್ದೂ ಅದರದ್ದೇ. ಒಬ್ಬರಿಂದ ಒಬ್ಬರಿಗೆ ಹತ್ತಂಗಿಲ್ಲ, ಡಾಕ್ಟರ್ ಬಾಯಿಂದ ಕೇಳೀನಿ. ಆದ್ರೂ ನಿಮ್ಮ ಮನಸಿಗೆ ಬ್ಯಾಡ ಅನ್ಸಿದ್ರ ಹೇಳ್ರಿ. ಬಳಿ ಇಲ್ಲೇ ಬಿಟ್ಟು ಹೋಗ್ತೀನಿ, ಬ್ಯಾರೆ ಯಾರರ ಇಡ್ಲಿ. ನನಗೇನೂ ಬ್ಯಾಸರ ಇಲ್ಲ."

ಬೇಸರ ಇಲ್ಲ ಅಂದದ್ದು ಸುಳ್ಳು. ಹಿಂದೆ ಯಾರೋ, "ಬಸುರಿ ಹೆಂಗಸು..." ಅಂತ ಗೊಣಗಿದರು. ಗಿರಿಜಮ್ಮ ನನ್ನ ಮೊಣಕೈಯನ್ನೇ ನೋಡುತ್ತ ನಿಂತರು. ಅವರನ್ನು ನಾನು ತಪ್ಪು ಅನ್ನುವುದಿಲ್ಲ. ಮಗಳು, ಅವಳ ಹೊಟ್ಟೆಯಲ್ಲಿ ಕೂಸು, ಯಾರಾದರೂ ಒಂದು ಗಳಿಗೆ ನಿಲ್ಲುತ್ತಾರೆ. ಆದರೆ ಆ ಗಳಿಗೆ ನನಗೆ ಒಂದು ವರ್ಷದಷ್ಟು ಉದ್ದವಾಯಿತು.

"ಸರೋಜಕ್ಕಾ" ಅಂದಳು ರೇಖಾ. ಎರಡೂ ಕೈ ನನ್ನ ಮಡಿಲಿಗೆ ಹಾಕಿದ್ದಳು. "ಕುಂತು ಕುಂತು ಸೊಂಟ ನೋಯಾಕತ್ತೈತಿ. ಜಲ್ದಿ ಇಡು. ಹೊಟ್ಟಿನೂ ಹಸದೈತಿ."

ಒಂದು ಕೈಗೆ ಇಪ್ಪತ್ತೊಂದು, ಇನ್ನೊಂದಕ್ಕೆ ಇಪ್ಪತ್ತೊಂದು. ತೋರುಬೆರಳು ಇನ್ನೂ ಪೂರ್ತಿ ಮಡಿಯುತ್ತಿರಲಿಲ್ಲ, ಅದರ ಕೆಲಸವನ್ನು ನಡುಬೆರಳಿಗೆ ಕಲಿಸಿದ್ದೆ. ಒಂದೊಂದು ಬಳೆ ದಾಟಿದಾಗಲೂ ಮೈಯೆಲ್ಲ ಬೆವರು. ಮದುವೆಯ ಸಿಹಿ ಕೇಳುವ ಹಾಗೂ ಇರಲಿಲ್ಲ, ಅವಳ ಮದುವೆಯಲ್ಲಿ ಮೂರು ಹೋಳಿಗೆ ತಿಂದವಳು ನಾನೇ. ಬದಲಿಗೆ, "ಕೂಸಿಗೆ ಏನು ಹೆಸರು?" ಅಂತ ಕೇಳುತ್ತ ಹೋದೆ, ಅವಳು ಹೆಸರು ಹುಡುಕುತ್ತ ಹೋದಳು. ನಲವತ್ತೆರಡು ಬಳೆ, ನಲವತ್ತೆರಡು ಹೆಸರು. ಒಂದೂ ಒಡೆಯಲಿಲ್ಲ! ರೇಖಾ ಕೈ ಎತ್ತಿ ಗಲಗಲ ಅನ್ನಿಸಿದಾಗ ಪಡಸಾಲೆಯೆಲ್ಲ ಹೋ ಅಂತು. ಗೊಣಗಿದವಳೂ ಬಂದು ಕೈ ಚಾಚಿ ಕೂತಳು. ಆಮೇಲೆ ಸಾಲಾಗಿ ಎಲ್ಲರಿಗೂ ಇಟ್ಟೆ.

ಎಲ್ಲ ಮುಗಿದು ಗಂಟು ಕಟ್ಟುತ್ತಿದ್ದೆ. ಗಿರಿಜಮ್ಮ ಎದುರಿಗೆ ಬಂದು ಕೂತರು. ನನ್ನ ಬಲಗೈಯ ಕಡಗ ನೋಡಿ, "ಊರಿಗೆಲ್ಲ ಬಳಿ ಇಟ್ಟಾಕಿ ಬರಿಗೈಲೆ ಹೋಗಬಾರ್ದು. ಹಿಡಿ ಇತ್ಲಾಗ" ಅಂದರು. "ಬ್ಯಾಡ್ರಿ ಅಮ್ಮಾ, ಊತ ಪೂರ್ತಿ ಇಳಿದಿಲ್ಲ, ದಾಟಂಗಿಲ್ಲ" ಅಂದೆ. ಅವರು ಕೇಳಲಿಲ್ಲ. ಕಡಗ ಕಳಚಿದರು. ಎಡಗೈಯಿಂದ ನನ್ನ ಮೊಣಕೈಯನ್ನು, ಸರಿಯಾಗಿ ಆ ಮಚ್ಚೆಯ ಮೇಲೆಯೇ, ಗಟ್ಟಿಯಾಗಿ ಹಿಡಿದುಕೊಂಡರು. ಎರಡು ವರ್ಷದಿಂದ ಡಾಕ್ಟರನ್ನು ಬಿಟ್ಟು ಬೇರೆ ಯಾರೂ ಅಲ್ಲಿ ಮುಟ್ಟಿರಲಿಲ್ಲ. ಮುಟ್ಟಲು ನಾನು ಬಿಟ್ಟಿರಲಿಲ್ಲ.

ಎರಡು-ಆರರ ಒಂದು ಹಸಿರು ಬಳೆ ತೆಗೆದುಕೊಂಡು, ನಾನು ಮಾಡುವುದನ್ನು ಅಷ್ಟು ವರ್ಷದಿಂದ ನೋಡಿದ್ದರಲ್ಲ, ಹಾಗೆಯೇ ನನ್ನ ಹೆಬ್ಬೆರಳನ್ನು ಒಳಕ್ಕೆ ಮಡಿಸಿದರು. ಬಳೆ ಗೆಣ್ಣಿನ ಹತ್ತಿರ ಬಂದು ನಿಂತಿತು. ನನ್ನ ಕೈ ಹೆದರಿ ಕಟ್ಟಿಗೆಯಾಗಿತ್ತು. ಗಿರಿಜಮ್ಮ ತಲೆ ಎತ್ತದೆ, ಏನೂ ಗೊತ್ತಿಲ್ಲದವರ ಹಾಗೆ ಕೇಳಿದರು:

"ಅಲ್ಲವ್ವಾ ಸರೋಜಾ, ನಿನ್ನ ಮದುವ್ಯಾಗ ಏನ್ ಸಿಹಿ ಮಾಡಿಸಿದ್ರು?"

ನನ್ನದೇ ಪ್ರಶ್ನೆ, ನನ್ನದೇ ಉಪಾಯ. ಆದರೂ ನೋಡಿ, ನಾನೂ ನೆನಪು ಮಾಡಿಕೊಂಡೆ. "ಗೋಧಿ ಹುಗ್ಗಿ ರೀ ಅಮ್ಮಾ. ತಳಾ ಹತ್ತಿತ್ತು. ಅದಕ್ಕ ನಮ್ಮಪ್ಪ..." ಅನ್ನುವಷ್ಟರಲ್ಲಿ ಬಳೆ ಗೆಣ್ಣು ದಾಟಿ ಮಣಿಕಟ್ಟಿನಲ್ಲಿ ಕೂತಿತ್ತು. ಎರಡು-ನಾಲ್ಕಲ್ಲ, ಎರಡು-ಆರು. ಇವತ್ತಿಗೂ ನನ್ನ ಬಲಗೈಗೆ ಎರಡು-ಆರೇ. ಸುತ್ತ ಇದ್ದವರೆಲ್ಲ ಚಪ್ಪಾಳೆ ತಟ್ಟಿ ನಗುತ್ತಿದ್ದರು. ನಾನು ಅಳುತ್ತ ನಗುತ್ತ ಹೇಳುತ್ತಲೇ ಇದ್ದೆ, ಹುಗ್ಗಿ ಹೇಗೆ ತಳ ಹತ್ತಿತು, ಅಪ್ಪ ಬಜಾರಿಗೆ ಓಡಿ ಬೂಂದಿ ಹೇಗೆ ತಂದ, ಬೀಗರು ಎರಡನ್ನೂ ಹೇಗೆ ತಿಂದು ಮುಗಿಸಿದರು ಅಂತ.

ಹುಗ್ಗಿಯ ಕತೆ ಮುಗಿಯುವವರೆಗೂ ಗಿರಿಜಮ್ಮ ನನ್ನ ಕೈ ಬಿಡಲಿಲ್ಲ.